ಬಿರುಗಾಳಿಗೆ ಬರೆದುಕೊಟ್ಟ ಮಾತು

ದೋಣಿ ಕೊಳ್ಳುವವರು ಮೊದಲು ಎಂಜಿನ್ ನೋಡುತ್ತಾರೆ, ಆಮೇಲೆ ಬಣ್ಣ ನೋಡುತ್ತಾರೆ, ಆಮೇಲೆ ಅದರ ಮುಂದೆ ನಿಂತು ತೆಗೆಸಿಕೊಂಡ ತಮ್ಮ ಫೋಟೋ ನೋಡುತ್ತಾರೆ. ವಿಮೆಯ ಕಾಗದವನ್ನು ಮಾತ್ರ ದೋಣಿ ಮುಳುಗಿದ ಮೇಲೆ ಓದುತ್ತಾರೆ. ದೋಹಾದಲ್ಲಿ ದೋಣಿಯ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡು ಇಷ್ಟು ವರ್ಷ ಹಗ್ಗ, ಬೋಲ್ಟು, ಫೈಬರಿನ ಅಂಟು ಮಾರಿದವನು ನಾನು. ಹಿಂದೆ ಒಂದು ಶೆಡ್ಡೂ ಉಂಟು. ಮುರಿದ ದೋಣಿ ಮೊದಲು ಆ ಶೆಡ್ಡಿಗೆ ಬರುತ್ತದೆ, ಅದರ ಬೆನ್ನಿಗೇ ಮಾಲೀಕ ಬರುತ್ತಾನೆ, ಅವನ ಕೈಯಲ್ಲಿ ಮಡಿಕೆ ಬಿಚ್ಚದ ಪಾಲಿಸಿ ಇರುತ್ತದೆ. “ಇದರಲ್ಲಿ ಎಂತ ಬರೆದಿದ್ದಾರೆ ಸ್ವಲ್ಪ ನೋಡಿ” ಎನ್ನುತ್ತಾನೆ. ಹಾಗೆ ಕಂಡವರ ಪಾಲಿಸಿ ಓದಿ ಓದಿಯೇ ನನಗೆ ಈ ವಿದ್ಯೆ ಬಂದದ್ದು. ಶಾಲೆಯಲ್ಲಿ ನಾನು ಕಲಿತದ್ದು ಕುಂದಾಪುರದ ಕಡೆ ಹತ್ತನೇ ಕ್ಲಾಸಿನವರೆಗೆ. ಪಾಲಿಸಿಯ ಹಿಂಬದಿಯ ಇರುವೆ ಸಾಲಿನಂಥ ಅಕ್ಷರ ಓದಲು ಅಷ್ಟು ಧಾರಾಳ ಸಾಕು. ಜೊತೆಗೆ ಒಂದು ಕನ್ನಡಕ, ಬರೆದವನ ಮೇಲೆ ಒಂದಿಷ್ಟು ಅನುಮಾನ ಇರಬೇಕು.

ಡಿಗ್ರಿ ಇದ್ದವರಿಗೆ ಕನ್ನಡಕ ಇರುತ್ತದೆ, ಅನುಮಾನ ಇರುವುದಿಲ್ಲ. ಇದನ್ನು ನನಗೆ ಮನವರಿಕೆ ಮಾಡಿಕೊಟ್ಟವರು ಒಂದು ದೋಣಿಯ ಮೂವರು ಪಾಲುದಾರರು.

ಮೂವರೂ ಒಂದೇ ಕಂಪನಿಯವರು. ಒಬ್ಬರು ಮೈಸೂರಿನ ಇಂಜಿನಿಯರ್. ಅಲ್ ಥುಮಾಮಾದಲ್ಲಿ ಮನೆ, ಹಡಗಿನಂಥ ಕಾರು, ಮನೆಯಲ್ಲಿ ಬೆಳ್ಳುಳ್ಳಿಯೂ ಒಳಗೆ ಬಾರದಷ್ಟು ಶುದ್ಧ ಸಸ್ಯಾಹಾರ. ಮೀನು ಮುಟ್ಟದ ಮನುಷ್ಯನಿಗೆ ಮೀನು ಹಿಡಿಯುವ ದೋಣಿ ಯಾಕೆ ಎಂದು ಕೇಳಬೇಡಿ. ಅವರ ಆಫೀಸಿನ ಇಂಗ್ಲಿಷ್ ಬಾಸ್ ಹತ್ತಿರ ಒಂದು ಇತ್ತು, ಅದೇ ಕಾರಣ. ಇನ್ನೊಬ್ಬರು ಬೆಂಗಳೂರಿನವರು, ಎಚ್‌ಆರ್ ವಿಭಾಗದಲ್ಲಿ ದೊಡ್ಡ ಕುರ್ಚಿ. ಎಲ್ಲರಿಗೂ ‘ಗುರು’ ಎನ್ನುತ್ತಾ ಎಲ್ಲ ಕೆಲಸವನ್ನೂ ಪಕ್ಕದವನ ಮಡಿಲಿಗೆ ಜಾರಿಸುವ ಕಲೆ ಅವರಿಗೆ ಸಿದ್ಧಿಸಿತ್ತು. ಮೂರನೆಯವರು ಶಿರ್ವದ ಕಡೆಯ ಕ್ಯಾಥೊಲಿಕ್, ನಕ್ಷೆಗಳಿಗೆ ನಂಬರು ಹಾಕಿ ಮೊಹರು ಒತ್ತಿ ಕಳಿಸುವ ಗುಮಾಸ್ತ. ನಮ್ಮ ಕರಾವಳಿಯಲ್ಲಿ ಅವರ ಜನರನ್ನು ಪೊರ್ಬುಗಳು ಎಂದು ಕರೆಯುವ ವಾಡಿಕೆ. ನಾನೂ ಅವರನ್ನು ಹಾಗೆಯೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಪೊರ್ಬುಗಳ ಮನೆ ಅಲ್ ರಯ್ಯಾನ್‌ನಲ್ಲಿ. ಒಂದು ಹಳೇ ವಿಲ್ಲಾಕ್ಕೆ ಜಿಪ್ಸಮ್ ಗೋಡೆ ಕೊಟ್ಟು ಏಳು ಸಂಸಾರ ತುಂಬಿಸಿದ್ದರಲ್ಲಿ ಅವರದೊಂದು. ಹೆಂಡತಿ ನರ್ಸ್, ಶುಕ್ರವಾರ ಹೆಚ್ಚಾಗಿ ಡ್ಯೂಟಿ. ಮಕ್ಕಳು ಮಂಗಳೂರಿನ ಹಾಸ್ಟೆಲಿನಲ್ಲಿ. ಊರಿನಲ್ಲಿ ಅವರ ಮನೆಯಿಂದ ಸಮುದ್ರ ಕಾಣುವುದಿಲ್ಲ, ಅಪ್ಪ ಮೀನು ಹಿಡಿದವರಲ್ಲ. ಇಲ್ಲಿ ಬಂದ ಮೇಲೆ ಯಾರೋ ಸಹೋದ್ಯೋಗಿ ಒಂದು ಶುಕ್ರವಾರ ದೋಣಿಯಲ್ಲಿ ಕೂರಿಸಿಕೊಂಡು ಹೋಗಿದ್ದನಂತೆ. ಅಂದಿನಿಂದ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ನೇರ ಕಡಲ ತೀರಕ್ಕೆ ಹೋಗಿ ಕುಳಿತು ಬೇರೆಯವರ ದೋಣಿ ನೋಡುವುದು ಅಭ್ಯಾಸವಾಗಿತ್ತು. ಮೂರನೇ ಒಂದು ಪಾಲು ಹಾಕುತ್ತೀರಾ ಎಂದು ಇಂಜಿನಿಯರ್ ಕೇಳಿದಾಗ ಅವರು ಯೋಚಿಸಲೇ ಇಲ್ಲ. ದೋಣಿ ಬಂದ ಮೇಲೆ ಅದನ್ನು ತೊಳೆದವರು, ಗ್ರೀಸ್ ಹಾಕಿದವರು, ಎಂಜಿನ್ನಿಗೆ ಸಿಹಿನೀರು ಹಾಯಿಸಿದವರು ಅವರೊಬ್ಬರೇ. ಉಳಿದಿಬ್ಬರು ಬಂದು ಟೋಪಿ ಹಾಕಿಕೊಂಡು ಕುಳಿತುಕೊಳ್ಳುತ್ತಿದ್ದರು.

ದೋಣಿಯನ್ನು ಇಂಜಿನಿಯರ್ ಹೆಸರಿನಲ್ಲಿ ನೋಂದಾಯಿಸಿದರು, ಹುದ್ದೆ ದೊಡ್ಡದು ಎಂದು. ನೋಂದಣಿಗೆ ವಿಮೆ ಬೇಕಾಯಿತು. ಆಗ ನನ್ನ ಹತ್ತಿರ ಬಂದರು.

“ಸಾರ್, ಕಡಿಮೆದು ಯಾವ್ದಾದ್ರೂ ಹೇಳಿ. ಕೌಂಟರಲ್ಲಿ ತೋರ್ಸಕ್ಕೆ ಒಂದು ಪೇಪರ್ ಇದ್ರೆ ಸಾಕು” ಎಂದರು ಇಂಜಿನಿಯರ್.

ಊರಿನಲ್ಲಿ ಸ್ಕೂಟರಿಗೆ ವಿಮೆ ಮಾಡಿಸುವುದು ಪೊಲೀಸರಿಗೆ ತೋರಿಸಲು; ಲಕ್ಷ ಸಂಬಳ ಬಂದರೂ ಆ ಬುದ್ಧಿ ಹೋಗುವುದಿಲ್ಲ. ನೋಂದಣಿಯ ಕೌಂಟರ್ ಕೇಳುವುದು ಒಂದನ್ನೇ: ನಿಮ್ಮ ದೋಣಿ ಹೋಗಿ ಇನ್ನೊಬ್ಬರಿಗೆ ಬಡಿದರೆ ಹಣ ಕೊಡುವವರು ಯಾರು? ನಿಮ್ಮ ದೋಣಿಯೇ ಹೋದರೆ ಅದು ನಿಮ್ಮ ಹಣೆಬರಹ, ಅದನ್ನು ಯಾವ ಕೌಂಟರಿನವನೂ ಕೇಳುವುದಿಲ್ಲ. ಇಷ್ಟು ತಿಳಿಸಿ ಹೇಳಿ, ಪೂರ್ಣ ವಿಮೆಯೇ ಮಾಡಿಸಿ ಎಂದು ಒತ್ತಾಯಿಸಿದೆ. ಪೊರ್ಬುಗಳು ಕೂಡಲೇ ಒಪ್ಪಿದರು. ಇಂಜಿನಿಯರ್ ಒಪ್ಪಿದ್ದು, ದರ ನಾನು ಇಳಿಸಿಕೊಡುತ್ತೇನೆ ಎಂದ ಮೇಲೆ.

ವಿಮಾ ಕಂಪನಿಯಲ್ಲಿ ದೋಣಿಗಳ ವಿಭಾಗ ನೋಡುವ ಮ್ಯಾನೇಜರ್ ಕೊಚ್ಚಿ ಕಡೆಯವ. ನಾವಿಬ್ಬರು ಮಾತಾಡುವುದು ಅರ್ಧ ಹಿಂದಿ, ಅರ್ಧ ಮಲಯಾಳ. ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ, ಅಣ್ಣ ಎನ್ನಲು ಅವನು ಹೇಳುವ ‘ಚೇಟಾ’ ಒಂದನ್ನು ಬಿಟ್ಟು. ಅವನು ದೋಣಿಯ ಬೆಲೆಯ ನೂರಕ್ಕೆ ನಾಲ್ಕು ಎಂದ. ಹಿಂದಿನ ವರ್ಷ ನನ್ನ ಇನ್ನೊಬ್ಬ ಗಿರಾಕಿಗೆ ಅವನೇ ಮೂರಕ್ಕೆ ಕೊಟ್ಟಿದ್ದ.

“ಒಂದು ವರ್ಷದಲ್ಲಿ ಸಮುದ್ರ ಏನು ಬದಲಾಯಿತು?” ಎಂದೆ.

“ಒಮಾನಿಗೆ ಸೈಕ್ಲೋನ್ ಬಂತಲ್ಲ ಚೇಟಾ.”

“ಒಮಾನಿಗೆ ಬಂದದ್ದಕ್ಕೆ ಕತಾರಿನವನು ಕಟ್ಟುವುದಾ? ನಾಳೆ ಚೆನ್ನೈಗೆ ಬಂದರೆ ಐದು ಮಾಡ್ತೀಯಾ?”

“ನನ್ನ ಕೈಯಲ್ಲಿ ಇಲ್ಲ. ನಮಗೇ ವಿಮೆ ಕೊಡುವವರು ಲಂಡನ್ನಿನಲ್ಲಿ ಕೂತಿದ್ದಾರೆ. ಅವರ ನಕ್ಷೆಯಲ್ಲಿ ಈ ಕಡೆ ಪೂರ್ತಿ ಒಂದೇ ಬಣ್ಣ.”

ಅದು ನಿಜವೇ. ಸೈಕ್ಲೋನ್ ಒಮಾನಿನ ಬೆಟ್ಟ ದಾಟಿ ಇಲ್ಲಿಗೆ ಬರುವುದನ್ನು ನಾನಂತೂ ನೋಡಿಲ್ಲ. ಇಲ್ಲಿ ಬೀಸುವುದು ಶಮಾಲ್, ಬಡಗಣ ಗಾಳಿ. ಪ್ರತಿವರ್ಷ ಬೀಸುತ್ತದೆ, ಧೂಳು ತರುತ್ತದೆ, ಕಟ್ಟದೆ ಬಿಟ್ಟದ್ದನ್ನು ಒಡೆಯುತ್ತದೆ, ಹೋಗುತ್ತದೆ. ಆದರೆ ಲಂಡನ್ನಿನ ಮೇಜಿನಲ್ಲಿ ಕಾಫಿ ಚೆಲ್ಲಿದರೆ ದೋಹಾದವನು ಒರೆಸಬೇಕು, ಅದೇ ಈ ವ್ಯವಹಾರದ ಧರ್ಮ. ಇನ್ನೂ ತಮಾಷೆಯೆಂದರೆ ಅವನು ಮುಂದಿಟ್ಟ ಅರ್ಜಿ ಫಾರಂ. ‘ಜೂನ್‌ನಿಂದ ನವೆಂಬರ್‌ವರೆಗಿನ ಹರಿಕೇನ್ ಋತುವಿನಲ್ಲಿ ದೋಣಿ ಎಲ್ಲಿರುತ್ತದೆ?’ ಎಂಬುದು ಅದರ ಎರಡನೇ ಪ್ರಶ್ನೆ.

“ಇದು ಯಾವ ದೇಶದ ಫಾರಂ ಮಾರಾಯ?”

ಅವನಿಗೂ ನಗು ಬಂತು. “ಅಮೆರಿಕದ ಯಾವುದೋ ಕಂಪನಿಯದ್ದು. ಮೇಲಿನ ಹೆಸರು ಮಾತ್ರ ನಮ್ಮದು.”

ಫಾರಂ ಎಲ್ಲಿಯದೇ ಇರಲಿ, ಅದರೊಳಗೆ ನನಗೆ ಬೇಕಾದದ್ದು ಕೊನೆಯ ಪುಟದಲ್ಲಿ ಸಿಕ್ಕಿತು. ಬಿರುಗಾಳಿಯ ಸೂಚನೆ ಬಂದರೆ ದೋಣಿಯನ್ನು ನೀರಿನಿಂದ ಎಳೆದು ದಡಕ್ಕೆ ಹಾಕುತ್ತೇವೆ ಎಂದು ಮಾಲೀಕ ಬರೆದುಕೊಟ್ಟರೆ ದರದಲ್ಲಿ ರಿಯಾಯಿತಿ. ಇದನ್ನು ಹಿಡಿದು ಎರಡು ಚಹಾ ಕುಡಿಯುವಷ್ಟು ಹೊತ್ತು ಚೌಕಾಸಿ ಮಾಡಿದೆ, ನಾಲ್ಕು ಇದ್ದದ್ದು ಎರಡೂ ಮುಕ್ಕಾಲಕ್ಕೆ ಬಂತು. ಅಷ್ಟಕ್ಕೆ ಏಳಲಿಲ್ಲ. ಅಚ್ಚಾದ ವಾಕ್ಯದಲ್ಲಿ ‘ಸೂಚನೆ ಸಿಕ್ಕ ಕೂಡಲೇ’ ಎಂದಿತ್ತು. ಯಾರ ಸೂಚನೆ, ಕಾಗೆಯ ಸೂಚನೆಯೋ ಹಲ್ಲಿಯ ಸೂಚನೆಯೋ ಎಂದು ಕೇಳಿ ಅದನ್ನು ಹೊಡೆಸಿ, ‘ಹವಾಮಾನ ಇಲಾಖೆಯ ಎಚ್ಚರಿಕೆ ಬಂದ ಇಪ್ಪತ್ತನಾಲ್ಕು ಗಂಟೆಯೊಳಗೆ’ ಎಂದು ಬರೆಸಿ ಅವನ ಸಹಿ ಹಾಕಿಸಿದೆ. ಓದುವವರು ಇದೊಂದನ್ನು ನೆನಪಿಟ್ಟುಕೊಳ್ಳಿ: ವಿಮೆಯಲ್ಲಿ ದರದ ಚೌಕಾಸಿ ಮಕ್ಕಳಾಟ, ಮಾತಿನ ಚೌಕಾಸಿಯೇ ದೊಡ್ಡವರ ಕೆಲಸ.

ಈಗ ಒಂದನ್ನು ಒಪ್ಪಿಕೊಳ್ಳಬೇಕು. ಆ ರಿಯಾಯಿತಿ ಬಂದದ್ದು ಒಂದು ಮಾತು ಕೊಟ್ಟು. ಮಾತು ಉಳಿಸಿಕೊಳ್ಳಬೇಕಾದವರು ಎಂಥವರು ಎಂದು ನಾನು ನೋಡಲಿಲ್ಲ. ನಾನು ಮಾಡಿದ ತಪ್ಪು ಅದು.

ಇಂಜಿನಿಯರ್ ಆ ಮಾತನ್ನು ಮೂರು ಬಣ್ಣದ ಚಾರ್ಟ್ ಮಾಡಿದರು. ಟ್ರೇಲರನ್ನು ಕಾರಿಗೆ ಜೋಡಿಸುವವರು ಅವರೇ. ಎಳೆಯಲು ತಾಕತ್ತಿನ ಕಾರು ಇದ್ದದ್ದು ಅವರೊಬ್ಬರಿಗೆ. ಇಳಿಜಾರಿನಲ್ಲಿ ನಿಂತು ದೋಣಿ ಹತ್ತಿಸುವವರು ಬೆಂಗಳೂರಿನವರು. ಹಗ್ಗ ಬಿಗಿಯುವವರು ಪೊರ್ಬುಗಳು. ಪ್ರತಿಯೊಬ್ಬರಿಗೂ ಒಬ್ಬ ಬದಲಿ. ಕೆಳಗೆ ‘ಅನುಮೋದಿಸಿದವರು’ ಎಂದು ಮತ್ತೆ ಅವರದೇ ಸಹಿ. ಚಾರ್ಟ್ ಚೆಂದ ಇತ್ತು, ಸುಳ್ಳು ಹೇಳಬಾರದು. “ಒಮ್ಮೆ ಮೂವರೂ ಹೋಗಿ ಎಳೆದು ನೋಡಿ, ಟ್ರೇಲರಿನ ಟಯರಿಗೆ ಗಾಳಿ ಉಂಟಾ ನೋಡಿ” ಎಂದೆ.

“ಪ್ರೊಸೀಜರ್ ಇದೆಯಲ್ಲ ಸಾರ್” ಎಂದರು.

ದೋಣಿ ಕಟ್ಟಿದ್ದು ದೇಶದ ಬಡಗು ತುದಿಯ ಅಲ್ ಶಮಾಲ್‌ನ ಸಣ್ಣ ಬಂದರಿನಲ್ಲಿ, ದೋಹಾದಲ್ಲಿ ಕಟ್ಟಲು ಬಾಡಿಗೆ ಜಾಸ್ತಿ ಎಂದು. ಕಾರಿನಲ್ಲಿ ಹೋದರೆ ಒಂದು ಗಂಟೆಯ ಮೇಲಿನ ದಾರಿ. ದಿನಾ ಹೋಗಿ ನೋಡುವವರು ಯಾರೂ ಇಲ್ಲ.

ಜೂನ್ ತಿಂಗಳ ಒಂದು ಬುಧವಾರ ಇಂಜಿನಿಯರ್ ತಮ್ಮ ಫೋನಿನ ಗಾಳಿ ಆಪ್ ನೋಡಿದರು. ಅದರಲ್ಲಿ ಸಮುದ್ರ ಕೆಂಪಾಗಿತ್ತು. ಅದರ ಚಿತ್ರ ತೆಗೆದು ಮೂವರ ವಾಟ್ಸಾಪ್ ಗುಂಪಿಗೆ ಹಾಕಿ, ‘ಶುಕ್ರವಾರ ಬಿರುಗಾಳಿ ನಿರೀಕ್ಷೆ. ದೋಣಿಯನ್ನು ದಡಕ್ಕೆ ಎತ್ತತಕ್ಕದ್ದು. ದಯವಿಟ್ಟು ಗಮನಿಸಿ’ ಎಂದು ಬರೆದರು. ಬೆಂಗಳೂರಿನವರು ಹೆಬ್ಬೆರಳು ಒತ್ತಿದರು. ‘ಸರ್, ಕಾರು ಯಾವಾಗ?’ ಎಂದು ಪೊರ್ಬುಗಳು ಕೇಳಿದ್ದಕ್ಕೆ ಯಾರೂ ಉತ್ತರಿಸಲಿಲ್ಲ. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಹವಾಮಾನ ಇಲಾಖೆಯ ಎಚ್ಚರಿಕೆಯೇ ಬಂತು. ಅದನ್ನೂ ಇಂಜಿನಿಯರ್ ಗುಂಪಿಗೆ ಹಾಕಿದರು, ಈ ಸಲ ಕೈಮುಗಿದ ಚಿತ್ರದ ಜೊತೆ, ‘ಅಗತ್ಯ ಕ್ರಮಕ್ಕಾಗಿ’ ಎಂದು. ಮತ್ತೊಂದು ಹೆಬ್ಬೆರಳು ಬಿತ್ತು.

ಈ ನಮ್ಮ ಸಂಬಳದ ಜನರಲ್ಲಿ ಒಂದು ಮೂಢನಂಬಿಕೆ ಉಂಟು. ಮೇಲ್ ಕಳಿಸಿದರೆ ಕೆಲಸ ಆಯಿತು ಎಂದು ಅವರು ನಂಬುತ್ತಾರೆ. ಮಂತ್ರ ಹೇಳಿದರೆ ಹಾವಿನ ವಿಷ ಇಳಿಯುತ್ತದೆ ಎಂದು ನಮ್ಮ ಅಜ್ಜಂದಿರು ನಂಬಿದ್ದಕ್ಕೆ ಇವರೇ ನಗುತ್ತಾರೆ. ಕಳಿಸಿದವನು ತಾನು ಕಳಿಸಿದ್ದೇನೆ ಎಂದು ಮಲಗುತ್ತಾನೆ, ಬಂದದ್ದನ್ನು ನೋಡಿದವನು ತಾನು ನೋಡಿದ್ದೇನೆ ಎಂದು ಮಲಗುತ್ತಾನೆ.

ಪೊರ್ಬುಗಳು ಮಲಗುವ ಜಾತಿಯಲ್ಲ. ಆಫೀಸಿನ ಕೆಳಗೆ ಬಿಸಿಲಲ್ಲಿ ನಿಂತು ಇಂಜಿನಿಯರಿಗೆ ಫೋನ್ ಮಾಡಿದರಂತೆ. ಆಮೇಲೆ ನನಗೆ ಅಕ್ಷರ ಬಿಡದೆ ಹೇಳಿದರು.

“ಸರ್, ಕಾರು ತರ್ತೀರಾ? ನಾನು ಕೆಳಗೆ ಉಂಟು.”

“ನಾನು ಗ್ರೂಪಲ್ಲಿ ಹಾಕಿದೀನಲ್ಲ. ಅವ್ರು ಲೈಕ್ ಮಾಡಿದಾರೆ. ಅವ್ರು ನೋಡ್ಕೋತಾರೆ ಬಿಡಿ.”

ಬೆಂಗಳೂರಿನವರಿಗೆ ಫೋನ್ ಮಾಡಿದರು.

“ಗುರು, ಮಗಳ ಬರ್ತ್‌ಡೇ ಇವತ್ತು, ಮನೆ ತುಂಬಾ ಜನ. ಗಾಡಿ ಅವ್ರದು, ಓನರ್ ಅವ್ರು. ನಾನು ನೋಡಿದೀನಿ ಅಂತ ಹೆಬ್ಬೆಟ್ಟು ಒತ್ತಿದ್ದು ಅಷ್ಟೇ.”

ಮೂರನೇ ಫೋನು ನನಗೆ. ನಾನು ಆಗ ಎಂಜಿನ್ ಭಾಗಗಳ ಖರೀದಿಗೆ ಶಾರ್ಜಾಕ್ಕೆ ಹೋಗಿದ್ದೆ. “ಟ್ಯಾಕ್ಸಿ ಹಿಡಿದು ಹೋಗಿ, ದೋಣಿಗೆ ನಾಲ್ಕು ಕಡೆ ಎರಡೆರಡು ಹಗ್ಗ ಹಾಕಿ, ಪಕ್ಕಕ್ಕೆ ಹಳೇ ಟಯರು ಕಟ್ಟಿ. ಒಬ್ಬರಿಂದ ಎಳೆಯಲು ಆಗುದಿಲ್ಲ” ಎಂದೆ. ಅವರು ಹಾಗೆಯೇ ಮಾಡಿದರು. ಬಂದರಿನಲ್ಲಿದ್ದ ಇಬ್ಬರು ಬಂಗಾಳಿ ಮೀನುಗಾರರನ್ನು ಜೊತೆ ಹಾಕಿಕೊಂಡು ಸಂಜೆ ಬೆಳಕು ಹೋಗುವವರೆಗೆ ಬಿಗಿದು ಬಂದರು.

ಶುಕ್ರವಾರ ಬೆಳಿಗ್ಗೆ ಗಾಳಿ ಎದ್ದಿತು. ಅವರು ಪೂಜೆಯನ್ನೂ ಬಿಟ್ಟು ಪುನಃ ಟ್ಯಾಕ್ಸಿಯಲ್ಲಿ ಓಡಿದ್ದರು. ಎಂಟು ಗಂಟೆ ದಾಟಿದ ಮೇಲೆ ನನಗೆ ಫೋನು ಬಂತು, ಗಾಳಿಯ ಸದ್ದಿನ ನಡುವೆ ಅವರ ಸ್ವರ ಸಣ್ಣಗೆ ಕೇಳಿತು.

“ಅಣ್ಣ, ಹಗ್ಗ ಎಲ್ಲ ಗಟ್ಟಿ ಉಂಟು. ದೋಣಿಯೇ ಹಗ್ಗವನ್ನು ಬಿಟ್ಟು ಹೋಗಿದೆ.”

ದೋಣಿಯ ಅಂಚಿನಲ್ಲಿ ಹಗ್ಗ ಕಟ್ಟುವ ಕಬ್ಬಿಣದ ಗೂಟಗಳು ಬುಡ ಸಮೇತ ಕಿತ್ತು ಬಂದಿದ್ದವು. ಆಮೇಲೆ ದೋಣಿ ಮಧ್ಯಾಹ್ನದವರೆಗೆ ಬಂದರಿನ ಕಲ್ಲಿಗೆ ಬಡಿಯುತ್ತಾ ಇತ್ತಂತೆ. ಬಲಮಗ್ಗುಲು ಎರಡು ಮಾರು ಉದ್ದಕ್ಕೆ ಸೀಳಿತ್ತು. ಎರಡು ಎಂಜಿನ್‌ಗಳಲ್ಲಿ ಒಂದು ನೀರು ಕುಡಿದು ಸತ್ತಿತ್ತು. ದಡಕ್ಕೆ ಹತ್ತಿಸಿ ನನ್ನ ಶೆಡ್ಡಿಗೆ ತಂದು ಇಳಿಸಿದ ದಿನ ಉಳಿದಿಬ್ಬರೂ ಬಂದು ನೋಡಿದರು. ವಿಮೆಯ ಹಣ ಬಂದರೆ ಸರಿ, ಇಲ್ಲದಿದ್ದರೆ ಗುಜರಿಗೆ ಕೊಟ್ಟು ಕೈ ತೊಳೆದುಕೊಳ್ಳುವುದು, ರಿಪೇರಿಗೆ ಇನ್ನೊಂದು ರಿಯಾಲ್ ಹಾಕುವುದಿಲ್ಲ ಎಂದು ದೋಣಿಯ ಮುಂದೆಯೇ ತೀರ್ಮಾನ ಮಾಡಿದರು. ಅವರು ಹೋದ ಮೇಲೆ ಪೊರ್ಬುಗಳು ಸೀಳಿನ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು ಕೇಳಿದರು.

“ಇದು ಪುನಃ ನೀರಿಗೆ ಇಳಿತದಾ ಅಣ್ಣ?”

“ಫೈಬರು ಮಾರಾಯ್ರೆ, ಹಣ ಇದ್ದರೆ ಹೆಣವೂ ಏಳುತ್ತದೆ. ಹಣ ಎಲ್ಲಿಂದ?”

“ಅದನ್ನೇ ಕೇಳಿದ್ದು.”

ನಾನು ಆ ಬಿಕ್ಕಟ್ಟಿಗೆ ಕೈ ಹಾಕಿದ್ದು ಆ ಪ್ರಶ್ನೆಗಾಗಿ. ಬೇರೆ ಇಬ್ಬರ ಹಣ ಹೋದರೆ ನನಗೆ ಒಂದು ಹೊತ್ತಿನ ನಗು ಸಿಗುತ್ತಿತ್ತು, ಅಷ್ಟೇ. ಇವರ ದೋಣಿ ಹೋದರೆ ಶುಕ್ರವಾರವೇ ಹೋದಂತೆ.

ನಾನು ಹೇಳಿದ್ದು ಸರಳ: ಕಂಪನಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಮೊದಲು ಕಾಗದ ನನಗೆ ತೋರಿಸಿ. ಆದರೆ ಇಂಜಿನಿಯರಿಗೆ ಫೈಲು ಮಾಡುವ ಚಟ. ಎರಡೇ ದಿನದಲ್ಲಿ ಸ್ಪೈರಲ್ ಬೈಂಡ್ ಮಾಡಿಸಿದ ಒಂದು ಪುಸ್ತಕ ಕಂಪನಿಗೆ ಕೊಟ್ಟು ಬಂದು ಆಮೇಲೆ ನನಗೆ ಪ್ರತಿ ತೋರಿಸಿದರು. ಬಣ್ಣದ ಚಾರ್ಟ್, ದೋಣಿಯ ಫೋಟೋ, ಕೊನೆಯಲ್ಲಿ ಇಡೀ ವಾಟ್ಸಾಪ್ ಸಂಭಾಷಣೆ, ದಿನಾಂಕ, ಗಂಟೆ, ನಿಮಿಷ ಸಹಿತ.

“ಇದು ಯಾಕೆ ಹಾಕಿದ್ದು?” ಎಂದೆ.

“ಟ್ರಾನ್ಸ್‌ಪರೆನ್ಸಿ ಸಾರ್. ನಾವು ಎಷ್ಟು ಅಲರ್ಟ್ ಆಗಿದ್ವಿ ಅಂತ ಅವ್ರಿಗೆ ಗೊತ್ತಾಗ್ಲಿ.”

“ಎರಡು ದಿನ ಮುಂಚೆಯೇ ಗೊತ್ತಿತ್ತು, ಮೂವರಿಗೂ ಗೊತ್ತಿತ್ತು, ಒಬ್ಬರೂ ದೋಣಿ ಎಳೆಯಲಿಲ್ಲ. ಇಷ್ಟನ್ನು ಬೈಂಡಿಂಗ್ ಮಾಡಿಸಿ ಕೊಟ್ಟಿದ್ದೀರಿ. ಖರ್ಚು ಎಷ್ಟಾಯಿತು?”

ಅವರು ಖರ್ಚು ಹೇಳಿದರು. ನಾನು ಕೇಳಿದ್ದು ಅದಕ್ಕಲ್ಲ ಎಂದು ಅವರಿಗೆ ಹೊಳೆಯಲಿಲ್ಲ.

ವಾರದ ಮೇಲೆ ಮ್ಯಾನೇಜರ್ ಕರೆಸಿದ. ಮಾಲೀಕರೆಂದು ಇಂಜಿನಿಯರ್, ಅವರ ಪಕ್ಕದಲ್ಲಿ ನಾನು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಪೊರ್ಬುಗಳು. ಬೆಂಗಳೂರಿನವರಿಗೆ ಮೀಟಿಂಗ್ ಇತ್ತು. ಮ್ಯಾನೇಜರ್ ಫೈಲಿನ ಮೇಲೆ ಪ್ರೀತಿಯಿಂದ ಕೈ ಸವರಿದ.

“ಚೇಟಾ, ಇಂಥ ಫೈಲು ನನ್ನ ಸರ್ವಿಸಿನಲ್ಲಿ ನೋಡಿಲ್ಲ. ನಾವು ಹುಡುಕಿ ಬರೆಯಬೇಕಾದದ್ದನ್ನು ನಿಮ್ಮವರೇ ಬರೆದುಕೊಟ್ಟಿದ್ದಾರೆ. ಬುಧವಾರವೇ ತಿಳಿದಿದೆ. ದೋಣಿ ಎತ್ತಲಿಲ್ಲ. ಖಲಾಸ್, ಕ್ಲೇಮ್ ಇಲ್ಲ.”

“ಷರತ್ತು ಓದು.”

“ಬಾಯಿಪಾಠ ಇದೆ. ಹವಾಮಾನ ಇಲಾಖೆಯ ಎಚ್ಚರಿಕೆ ಬಂದ ಇಪ್ಪತ್ತನಾಲ್ಕು ಗಂಟೆಯೊಳಗೆ.”

“ಇಲಾಖೆ ಹೇಳಿದ್ದು ಗುರುವಾರ ಮಧ್ಯಾಹ್ನ ಮೂರಕ್ಕೆ. ದೋಣಿ ಕಿತ್ತುಕೊಂಡದ್ದು ಶುಕ್ರವಾರ ಬೆಳಿಗ್ಗೆ ಎಂಟಕ್ಕೆ. ಹದಿನೇಳು ಗಂಟೆ ಆಯಿತು. ನಮಗೆ ಇನ್ನೂ ಏಳು ಗಂಟೆ ಬಾಕಿ ಉಂಟು. ಸಾಲದ ಕಂತಿನ ತಾರೀಕು ಬರುವ ಮುಂಚೆ ಸಾಲಗಾರನನ್ನು ಜೈಲಿಗೆ ಹಾಕುತ್ತೀಯಾ?”

“ಬುಧವಾರ ನಿಮ್ಮ ಓನರೇ ಬರೆದಿದ್ದಾರಲ್ಲ, ಬಿರುಗಾಳಿ ಬರುತ್ತದೆ, ದೋಣಿ ಎತ್ತಬೇಕು ಎಂದು?”

“ಇವರು ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಎಂದೂ ಬರೆಯುತ್ತಾರೆ. ಆ ಪುಟವೂ ನಿನ್ನ ಹತ್ತಿರ ಉಂಟು. ಎಲ್ಲ ಬೆಳಗೂ ಒಳ್ಳೆಯದಾಗಿದೆಯಾ? ಇವರು ಹವಾಮಾನ ಇಲಾಖೆಯಾ?”

ಇಂಜಿನಿಯರ್ ಬಾಯಿ ತೆರೆದರು. “ಆದ್ರೆ ಟೆಕ್ನಿಕಲಿ ಸಾರ್, ಆ ಆಪ್ ತುಂಬಾ ಅಕ್ಯುರೇಟು...” ಮೇಜಿನ ಕೆಳಗೆ ನಾನು ಅವರ ಕಾಲು ಒತ್ತಿ ಹಿಡಿದೆ. ಹೊಸ ಶೂ ಇರಬೇಕು, ಅವರ ಮುಖ ಹುಳ್ಳಗಾಯಿತು.

ಮ್ಯಾನೇಜರ್ ಸೋಲುವವನಲ್ಲ. ಇನ್ನೊಂದು ಪುಟ ತಿರುಗಿಸಿದ. ಕೊಟ್ಟರೂ ಬಿರುಗಾಳಿಯ ಕ್ಲೇಮಿನಲ್ಲಿ ಮಾಲೀಕನೇ ಹೊರಬೇಕಾದ ಪಾಲು ಜಾಸ್ತಿ ಇದೆ ಎಂದ. ಅಮೆರಿಕದ ಆ ಫಾರಂ ಪ್ರಕಾರ ‘ಹೆಸರಿಟ್ಟ ಬಿರುಗಾಳಿ’ ಬಂದು ಒಡೆದರೆ ದೋಣಿಯ ಬೆಲೆಯಲ್ಲಿ ಹತ್ತನೇ ಒಂದು ಭಾಗ ಮೊದಲೇ ಕಡಿತ. ಸಾಮಾನ್ಯ ಅಪಘಾತವಾದರೆ ಒಂದು ಸಣ್ಣ ಮೊತ್ತ ಮಾತ್ರ.

“ಈ ಗಾಳಿಗೆ ನಾಮಕರಣ ಯಾವಾಗ ಆಯಿತು? ನಮ್ಮನ್ನು ಕರೆಯಲಿಲ್ಲ” ಎಂದೆ.

“ಶಮಾಲ್ ಅಂತ ಹೆಸರಿಲ್ಲವಾ ಚೇಟಾ?”

“ಅದು ದಿಕ್ಕು. ಒಮಾನಿಗೆ ಬರುವ ಸೈಕ್ಲೋನಿಗೆ ಪಟ್ಟಿ ಮಾಡಿ ಹೆಸರಿಡುತ್ತಾರೆ, ನಿನ್ನ ಲಂಡನ್ನಿನವರಿಗೆ ಅದು ಗೊತ್ತು. ಆ ಪಟ್ಟಿಯಲ್ಲಿ ಈ ಗಾಳಿಯನ್ನು ತೋರಿಸು, ಎದ್ದು ಹೋಗುತ್ತೇನೆ. ದರ ಏರಿಸುವಾಗ ಒಮಾನಿನ ಗಾಳಿ, ಹಣ ಕೊಡುವಾಗ ಕತಾರಿನ ಗಾಳಿ. ಒಂದು ಕಡೆ ನಿಲ್ಲು ಮಾರಾಯ.”

ಅವನು ಫ್ಯಾನ್ ನೋಡಿದ. ನಾನು ಆಮೇಲೆ ಮೆಲ್ಲಗೆ, ನನ್ನ ಅಂಗಡಿಯ ಪಕ್ಕದಲ್ಲೇ ಅರಬ್ಬಿಯಲ್ಲಿ ಅರ್ಜಿ ಬರೆದುಕೊಡುವವನು ಕೂರುತ್ತಾನೆ, ವಿಮಾ ಕಂಪನಿಗಳ ಮೇಲಿನ ದೂರು ಎಲ್ಲಿಗೆ ಕೊಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತು, ಆದರೆ ನಮಗೂ ನಿನಗೂ ಅಷ್ಟು ದೂರ ಯಾಕೆ ಎಂದೆ. ಬೆದರಿಕೆ ಹಾಕುವಾಗ ಸ್ವರ ಇಳಿಸಬೇಕು. ಏರಿಸಿದವರು ಸೋತವರು ಎಂದು ಎದುರಿನವನಿಗೆ ಗೊತ್ತಾಗುತ್ತದೆ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ದೋಣಿ ಪೂರ್ತಿ ನಷ್ಟ ಎಂದು ಬರೆದು, ವಿಮೆಯ ಮೊತ್ತದಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಕೊಡುವುದು. ಪೂರ್ತಿ ಯಾಕಿಲ್ಲವೆಂದರೆ ಆ ಸ್ಪೈರಲ್ ಪುಸ್ತಕ. ಅದು ಇಲ್ಲದಿದ್ದರೆ ಮುಕ್ಕಾಲಿಗೆ ಕಮ್ಮಿ ನಾನು ಏಳುತ್ತಿರಲಿಲ್ಲ. ಮುರಿದ ದೋಣಿಯನ್ನು ಕಂಪನಿ ತೆಗೆದುಕೊಂಡು ಹೋಗಬಹುದು, ಅಥವಾ ಅದರ ಗುಜರಿ ಬೆಲೆ ಕಡಿದುಕೊಂಡು ಮಾಲೀಕರಿಗೇ ಬಿಡಬಹುದು.

“ಕಂಪನಿ ತಗೊಳ್ಳಲಿ” ಎಂದರು ಇಂಜಿನಿಯರ್.

ಬಾಗಿಲ ಹತ್ತಿರದಿಂದ ಪೊರ್ಬುಗಳು ಅಂದು ಆಡಿದ ಮೊದಲ ಮಾತು ಬಂತು. “ನನಗೆ ಬೇಕು.”

ಹೊರಗೆ ಪಾರ್ಕಿಂಗಿನಲ್ಲಿ ನಿಂತು ಇನ್ನೊಂದು ಚೌಕಾಸಿ ಮಾಡಬೇಕಾಯಿತು, ಇದು ನಮ್ಮವರ ಜೊತೆಯೇ. ಇಂಜಿನಿಯರೂ ಬೆಂಗಳೂರಿನವರೂ ತಮ್ಮ ಪಾಲಿನ ಹಣ ತೆಗೆದುಕೊಳ್ಳಲಿ, ಪೊರ್ಬುಗಳ ಪಾಲಿಗೆ ಮುರಿದ ದೋಣಿ, ಬದುಕಿದ ಒಂದು ಎಂಜಿನ್, ಉಳಿದ ಚೂರು ಹಣ. ಹೆಸರು ಬದಲಾಯಿಸುವ ಖರ್ಚು ಆ ಇಬ್ಬರದು. ಬೆಂಗಳೂರಿನವರು ಫೋನಿನಲ್ಲೇ, “ಮುರಿದಿರೋದು ಬೇಕಂತಾ? ಕೊಟ್ಬಿಡಿ ಗುರು, ಪಾಪ” ಎಂದು ದಾನಶೂರರಾದರು.

“ಟ್ರೇಲರ್ ಇದ್ರಲ್ಲಿ ಸೇರಲ್ಲ ಅಲ್ವಾ ಸಾರ್?” ಎಂದರು ಇಂಜಿನಿಯರ್.

“ನೀವು ಒಂದು ಸಲವೂ ಕಾರಿಗೆ ಜೋಡಿಸದ ಟ್ರೇಲರ್ ನಿಮಗೆ ಯಾಕೆ? ಮನೆಯಲ್ಲಿ ಬಟ್ಟೆ ಒಣಹಾಕುತ್ತೀರಾ?”

ಟ್ರೇಲರ್ ಸೇರಿತು.

ಆ ಬೇಸಿಗೆ ಕಳೆಯುವವರೆಗೆ ಪ್ರತಿ ಶುಕ್ರವಾರ ಪೂಜೆ ಮುಗಿಸಿ ಪೊರ್ಬುಗಳು ನನ್ನ ಶೆಡ್ಡಿಗೆ ಬಂದರು. ಫೈಬರ್ ಉಜ್ಜಿದವರಿಗೆ ಗೊತ್ತು, ಅದರ ಪುಡಿ ಚರ್ಮದೊಳಗೆ ಹೊಕ್ಕು ಮೂರು ದಿನ ತುರಿಸುತ್ತದೆ. ಉದ್ದ ತೋಳಿನ ಅಂಗಿ, ಮೂತಿಗೆ ಬಟ್ಟೆ, ಆ ಸೆಕೆಯಲ್ಲಿ. ನನ್ನ ಕೆಲಸಗಾರರು ಸೀಳು ಹೊಲಿದರು, ಅಂಟು ನಾನು ಅಸಲು ಬೆಲೆಗೆ ಕೊಟ್ಟೆ. ಪುಕ್ಕಟೆ ಕೊಡಲಿಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಯಾರೂ ಮರ್ಯಾದೆ ಕೊಡುವುದಿಲ್ಲ, ಅದು ಪೊರ್ಬುಗಳಿಗೂ ಗೊತ್ತಿತ್ತು, ಕೇಳಲೂ ಇಲ್ಲ. ಹಗ್ಗ ಕಟ್ಟುವ ಗೂಟಗಳನ್ನು ಮಾತ್ರ ಅವರೇ ಕೂರಿಸಿದರು. ಒಳಗಿನಿಂದ ಉಕ್ಕಿನ ಹಲಗೆ ಕೊಟ್ಟು, ಬೋಲ್ಟು ತಿರುಗಿಸಿ, ಮುಂದಿನ ಶುಕ್ರವಾರ ಬಂದು ಪುನಃ ತಿರುಗಿಸಿ ನೋಡುತ್ತಿದ್ದರು. ಒಂದು ದಿನ ಅವರ ಹೆಂಡತಿ ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದು, ಗಂಡನ ಕೈ ತಿರುಗಿಸಿ ಗುಳ್ಳೆಗಳನ್ನು ನೋಡಿ, “ಇದಕ್ಕೂ ವಿಮೆ ಉಂಟಾ?” ಎಂದು ನನ್ನನ್ನು ಕೇಳಿದರು.

ನೋಂದಣಿ ಅವರ ಹೆಸರಿಗೆ ಮಾಡಿಸಲು ಪುನಃ ವಿಮೆ ಬೇಕಾಯಿತು. ಪುನಃ ಅದೇ ಮ್ಯಾನೇಜರ್, ಅದೇ ಮೇಜು.

“ಪೂರ್ಣ ವಿಮೆ ಆಗುವುದಿಲ್ಲ ಚೇಟಾ. ಒಮ್ಮೆ ಪೂರ್ತಿ ನಷ್ಟ ಎಂದು ಬರೆದ ದೋಣಿ ನಮ್ಮ ಪುಸ್ತಕದಲ್ಲಿ ಸತ್ತಿದೆ.”

“ಸತ್ತದ್ದು ಹೊರಗೆ ಟ್ರೇಲರಿನಲ್ಲಿ ಉಂಟು. ಬಂದು ತಟ್ಟಿ ನೋಡು. ಹೊಸದಕ್ಕಿಂತ ಗಟ್ಟಿ.”

“ನನಗೆ ಗೊತ್ತು. ಲಂಡನ್ನಿಗೆ ಗೊತ್ತಿಲ್ಲ. ಇನ್ನೊಬ್ಬರಿಗೆ ಬಡಿದರೆ ಕೊಡುವ ವಿಮೆ ಬೇಕಾದರೆ ಹತ್ತು ನಿಮಿಷದಲ್ಲಿ ಕೊಡುತ್ತೇನೆ.”

ಇನ್ನೂ ಎರಡು ಕಂಪನಿ ತಿರುಗಿದೆ. ಒಬ್ಬ ಕೊಡುತ್ತೇನೆ ಎಂದ, ಹಿಂದಿನ ದರದ ಎರಡು ಪಟ್ಟು, ಜೂನ್‌ನಿಂದ ನವೆಂಬರ್‌ವರೆಗೆ ನೀರಿಗೆ ಇಳಿಸಬಾರದು ಎಂಬ ಷರತ್ತಿನ ಮೇಲೆ. ದೋಣಿ ಅರ್ಧ ವರ್ಷ ನೀರಿಗೆ ಇಳಿಯಬಾರದೆಂದರೆ ಅದಕ್ಕೆ ಗೋದಾಮು ಎಂದು ಹೆಸರಿಡಬಹುದು. ಲೆಕ್ಕ ಹೀಗೆ: ಮೊದಲು ಚಾರ್ಟ್ ಬರೆದು ಮಲಗಿದವರ ದೋಣಿಗೆ ಪೂರ್ಣ ರಕ್ಷಣೆ, ರಿಯಾಯಿತಿ ಸಮೇತ, ಈಗ ಪ್ರತಿ ಬೋಲ್ಟನ್ನು ಕೈಯಾರೆ ತಿರುಗಿಸಿದವನ ದೋಣಿಗೆ ಏನೂ ಇಲ್ಲ. ನೋಂದಣಿಯ ಕೌಂಟರಿನಲ್ಲಿ ಆ ಅಗ್ಗದ ಕಾಗದ ನೋಡಿದ ಕೂಡಲೇ ಮೊಹರು ಒತ್ತಿಕೊಟ್ಟರು. ಕಾನೂನಿನ ಪ್ರಕಾರ ಎಲ್ಲವೂ ಸರಿ.

ನವೆಂಬರ್ ಕೊನೆಯ ಒಂದು ಶುಕ್ರವಾರ, ಬಾಡಿಗೆಗೆ ತಂದ ಪಿಕಪ್ಪಿನ ಹಿಂದೆ ಟ್ರೇಲರ್ ಜೋಡಿಸಿಕೊಂಡು ಅಲ್ ಶಮಾಲ್‌ಗೆ ಹೋದೆವು. ನಾನು ದಾರಿಯುದ್ದಕ್ಕೂ ಬುದ್ಧಿ ಹೇಳಿದೆ. ವಿಮೆ ಇಲ್ಲದ ದೋಣಿ ಅಂದರೆ ಜೇಬಿನಲ್ಲಿ ತೂತು ಇದ್ದ ಹಾಗೆ. ಈಗ ಹೊಸ ಬಣ್ಣ ಉಂಟು, ಚಳಿಗಾಲ, ಕೊಳ್ಳುವವರು ಹುಡುಕಿಕೊಂಡು ಬರುವ ಸಮಯ. ಇಂದು ಮಾರಿದರೆ ಹಾಕಿದ್ದು ಬಂದು ಮೇಲೆ ನಾಲ್ಕು ಕಾಸು ಉಳಿಯುತ್ತದೆ. ಗಿರಾಕಿಯೂ ನನ್ನ ಹತ್ತಿರವೇ ಇದ್ದ. ಪೊರ್ಬುಗಳು ಎಲ್ಲದಕ್ಕೂ “ಹೌದಣ್ಣ” ಎನ್ನುತ್ತಾ ಹಿಂದಿನ ಕನ್ನಡಿಯಲ್ಲಿ ದೋಣಿಯನ್ನೇ ನೋಡುತ್ತಿದ್ದರು.

ಇಳಿಜಾರಿನಲ್ಲಿ ದೋಣಿ ನೀರಿಗೆ ಜಾರಿತು. ಅವರು ಹತ್ತಿ, ಹೊಲಿದ ಮಗ್ಗುಲಿನ ಒಳಗೆ ಅಂಗೈ ಒತ್ತಿ ತುದಿಯಿಂದ ತುದಿಗೆ ಸವರಿಕೊಂಡು ಹೋದರು. ಕೈ ಎತ್ತಿ ನೋಡಿಕೊಂಡರು. ಇನ್ನೊಮ್ಮೆ ಸವರಿದರು.

“ಒಣಗಿಯೇ ಉಂಟು” ಎಂದರು.

“ಆ ಗಿರಾಕಿಗೆ ಎಂತ ಹೇಳಲಿ?” ಎಂದೆ.

ಅವರು ಕೀಲಿ ತಿರುಗಿಸಿದರು. ಎಂಜಿನ್ ಎರಡು ಸಲ ಕೆಮ್ಮಿ ಹಿಡಿಯಿತು. ಹಗ್ಗ ಬಿಚ್ಚಿ ಎಂದು ನನಗೆ ಕೈಸನ್ನೆ ಮಾಡಿದರು. ಬಿಚ್ಚಿ ಒಳಗೆ ಎಸೆದೆ.